ಮಾರಾಟಕ್ಕಿಟ್ಟ ಅಪ್ಪ

ಚಳ್ಳಕೆರೆಯಲ್ಲಿ ನಾನು ಬಾಡಿಗೆಗಿರುವ ಕೋಣೆಯ ಕೆಳಗೆ ಎಣ್ಣೆ ಮಿಲ್ಲಿನ ಗೋದಾಮು. ಮೇಲೆ ನಾನು ಎಷ್ಟೇ ಬಣ್ಣ ಕಲಸಿದರೂ ಮೂಗಿಗೆ ಬರುವುದು ಶೇಂಗಾ ಎಣ್ಣೆಯ ವಾಸನೆಯೇ. ಶಾಲೆಯವರು ಡ್ರಾಯಿಂಗ್ ಪೀರಿಯಡ್ ತೆಗೆದುಹಾಕಿ, ಡ್ರಾಯಿಂಗ್ ಟೀಚರಾಗಿದ್ದ ನನ್ನನ್ನು ಮನೆಗೆ ಕಳಿಸಿದ ಮೇಲೆ ಇಲ್ಲೇ ಕೂತು ಚಿತ್ರ ಬರೆದು ಆನ್‌ಲೈನಿನಲ್ಲಿ ಮಾರುತ್ತೇನೆ. ಮಾರುತ್ತೇನೆ ಅನ್ನುವುದು ಬಾಯಿಮಾತು. ಇಡುತ್ತೇನೆ, ಅಷ್ಟೆ. ವರವು ಕಾವಲಿನ ಹುಲ್ಲುಬಯಲು, ದೊಡ್ಡಉಳ್ಳಾರ್ತಿಯ ಕುರಿಗಳು, ಎಲ್ಲ ಇಟ್ಟಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಮುಗಿದುಹೋಗುವ ದಿನಗಳೇ ಹೆಚ್ಚು. ಅಂಥ ದಿನ ಸಂಜೆ ಅಂಗಡಿಗೆ ಹೋಗಿ ಹಾಲಿನ ಪ್ಯಾಕೆಟ್ ಕೇಳಿದರೆ ಗಂಟಲಿನಿಂದ ದನಿಯೇ ಹೊರಡುವುದಿಲ್ಲ.

ನನ್ನ ಪುಟಕ್ಕೆ ಯಾರು ಬಂದರು, ಯಾವ ಊರಿನವರು, ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರು ಎಂದೆಲ್ಲ ಫೋನು ಲೆಕ್ಕ ತೋರಿಸುತ್ತದೆ. ಅದನ್ನು ನೋಡುವ ಚಟ ಹತ್ತಿದ್ದೇ ಬೆಂಗಳೂರಿನ ಒಬ್ಬರಿಂದ. ದಿನಾ ಬೆಳಿಗ್ಗೆ, ಹಾಲು ಬರುವ ಹೊತ್ತಿಗೆ ಸರಿಯಾಗಿ, ಅವರು ಬರುತ್ತಿದ್ದರು. ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿರುವ ಚಿತ್ರದ ಮುಂದೆ ಸುಮಾರು ಹೊತ್ತು ನಿಂತು ಹೋಗುತ್ತಿದ್ದರು.

ಇವರು ಕೊಂಡೇ ಕೊಳ್ಳುತ್ತಾರೆ ಎಂದು ನನಗೆ ಗಟ್ಟಿಯಾಯಿತು. ಅವರಿಗಾಗಿಯೇ ಆ ಚಿತ್ರವನ್ನು ತಾರಸಿಯ ಎಳೆಬಿಸಿಲಿನಲ್ಲಿಟ್ಟು ಹೊಸದಾಗಿ ಫೋಟೋ ತೆಗೆದೆ. ಪುಟದ ಮೊದಲಿಗೆ ತಂದೆ. ಅಪ್ಪನ ಮಗ್ಗದ ಬಗ್ಗೆ ನಾಲ್ಕು ಸಾಲು ಬರೆದೆ, ಅವರು ಬರುವುದಕ್ಕೆ ಸ್ವಲ್ಪ ಮುಂಚೆಯೇ ಹಾಕಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೊತ್ತಿಗೆ ನಾನು ಮುಖ ತೊಳೆದು ತಲೆ ಬಾಚಿಕೊಂಡು ಫೋನಿನ ಮುಂದೆ ಕೂರುತ್ತಿದ್ದೆ. ದೀಪಾವಳಿಯೊಳಗೆ ಒಂದೂ ಮಾರಾಟವಾಗದಿದ್ದರೆ ಕೋಣೆ ಖಾಲಿ ಮಾಡಿ ನಮ್ಮೂರು ಮೊಳಕಾಲ್ಮುರಿಗೆ ಹೋಗಿ, ಅಣ್ಣನ ಮಗ್ಗಕ್ಕೆ ನೂಲು ಸುತ್ತಿಕೊಂಡಿರುವುದು ಎಂದು ಆಗಲೇ ತೀರ್ಮಾನಿಸಿದ್ದೆ. ಬೆಂಗಳೂರಿನ ಆ ಒಬ್ಬರ ಮೇಲೆಯೇ ನನ್ನ ಅಂಗಡಿ ನಿಂತಿತ್ತು.

ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಫೋನು ಹಿಡಿದು ಕೂತಿದ್ದಾಳೆ.

“ಏನ್ ನೋಡ್ತಿದೀಯವ್ವ?”

“ನಿನ್ನ ಅಂಗಡಿ. ಇನ್ನೂ ಐತೆ,” ಅಂದಳು. ಮುಖದಲ್ಲಿ ಎಂಥ ನೆಮ್ಮದಿ!

“ದಿನಾ ನೋಡ್ತೀಯಾ?”

“ಹ್ಞೂಂ. ಹಾಲು ಕಾಯೋಕಿಟ್ಟು ನೋಡ್ತೀನಿ. ನೀನೇ ಕಳ್ಸಿದ್ಯಲ್ಲ, ಒತ್ತಿದ್ರೆ ಬರ್ತೈತೆ.”

ನನ್ನ ಫೋನು ತೆಗೆದು ನೋಡಿದೆ. ಬೆಂಗಳೂರಿನವರು ಆಗಷ್ಟೇ ಬಂದಿದ್ದರು, ಅಪ್ಪನ ಮುಂದೆ ನಿಂತಿದ್ದರು. ನಮ್ಮ ಕಡೆಯ ನೆಟ್ಟು ಆ ಲೆಕ್ಕದಲ್ಲಿ ಬೆಂಗಳೂರು ಅಂತಲೇ ಬೀಳುತ್ತದಂತೆ, ಅದು ನನಗೆ ಗೊತ್ತಾಗಿದ್ದು ಆಮೇಲೆ. ಇಷ್ಟು ದಿನ ಬರುತ್ತಿದ್ದವಳು ಅವ್ವನೇ ಎಂದು ಹೊಳೆದು ಆ ಕ್ಷಣಕ್ಕೆ ಮೈಯೆಲ್ಲ ಉರಿದುಹೋಯಿತು.

“ನಿನಗೇನ್ ಬಂತವ್ವ! ಒಂದಾದ್ರೂ ಹೋಗ್ಲಿ ಅಂತ ನಾನಲ್ಲಿ ಬಾಯ್ ಬಾಯ್ ಬಡ್ಕೊಂತಿದ್ರೆ ನೀನು ಇನ್ನೂ ಐತೆ ಅಂತ ಖುಷಿಪಡ್ತೀಯಾ? ನನ್ನ ಲೆಕ್ಕಾನೆಲ್ಲ ಹಾಳು ಮಾಡ್ಬಿಟ್ಟೆ!”

“ನೋಡಿದ್ರೆ ಸವೀತೈತೇನೇ?” ಅವ್ವ ಫೋನು ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಗೋಡೆ ಮೇಲಿರೋ ಫೋಟೋದಾಗೆ ನಿಮ್ಮಪ್ಪ ರೇಶನ್ ಕಾರ್ಡಿಗೆ ಕುಂತಂಗೆ ಕುಂತವ್ರೆ. ಮಗ್ಗದಾಗೆ ಕುಂತಿರೋದು ಅಲ್ಲೊಂದೇ ಕಡೆ. ಮಾರೋ ತನ್ಕ ನೋಡ್ಕೊಂತೀನಿ ಬಿಡು.”

ಅಪ್ಪ ತೀರಿಕೊಳ್ಳುವುದಕ್ಕೆ ಮುಂಚಿನ ಬೇಸಿಗೆಯಲ್ಲಿ, ಅವರು ನೇಯುತ್ತಿರುವಾಗಲೇ ಎದುರಿಗೆ ಕೂತು ಗೆರೆ ಹಾಕಿಕೊಂಡು, ಚಳ್ಳಕೆರೆಗೆ ಹೋಗಿ ಬಣ್ಣ ತುಂಬಿ ಮುಗಿಸಿದ ಚಿತ್ರ ಅದು. ಮುಗಿದಿದ್ದೇ ತಡ ಮಾರಾಟಕ್ಕಿಟ್ಟೆ. ಅವ್ವನಿಗೆ ಕೊಡಬಹುದೆಂಬುದು ನನಗೂ ಹೊಳೆಯಲಿಲ್ಲ, ಅವಳೂ ಕೇಳಲಿಲ್ಲ.

“ತಂದ್ಕೊಡ್ತೀನಿ. ನೀನೇ ಇಟ್ಕೊ,” ಅಂದೆ.

“ಬಿಡ್ತು ಅನ್ನು! ಮಾರೋಕಿಟ್ಟಿದ್ದನ್ನ ಮನೇಲಿ ಇಟ್ಕೊಳ್ಳೋದಾ?”

ನಮ್ಮ ಮನೆಯ ರೂಢಿಯೇ ಹಾಗೆ. ಮಾರುವ ಸೀರೆಯನ್ನು ಮನೆಯ ಹೆಣ್ಣುಮಕ್ಕಳು ಹೆಗಲಿಗೆ ಹಾಕಿ ನೋಡುವಂತಿಲ್ಲ. ಒಮ್ಮೆ ಹೆಗಲಿಗೆ ಬಿದ್ದರೆ ಅದು ಉಟ್ಟ ಸೀರೆ, ಗಿರಾಕಿಗೆ ಸಲ್ಲದು. ಹುಡುಗಿಯಾಗಿದ್ದಾಗ ಒಂದು ಸೆರಗು ಹೊದ್ದುಕೊಂಡು ಕನ್ನಡಿ ಮುಂದೆ ನಿಂತದ್ದಕ್ಕೆ ನನ್ನ ಬೆನ್ನಿಗೆ ಸರಿಯಾಗಿ ಬಿದ್ದಿತ್ತು. ಅವ್ವ ಜೀವಮಾನವೆಲ್ಲ ರೇಷ್ಮೆ ನೂಲು ಸುತ್ತಿದ್ದಾಳೆ, ಉಟ್ಟಿದ್ದು ಮಾತ್ರ ನೈಲಾನ್ ಸೀರೆ.

ಆದರೂ ನಾನು ಹಟ ಬಿಡಲಿಲ್ಲ. ಚಳ್ಳಕೆರೆ ಮುಟ್ಟಿದ ಕೂಡಲೇ ಚಿತ್ರವನ್ನು ಪುಟದಿಂದ ತೆಗೆದು, ಮುಂದಿನ ವಾರ ತಂದು ಅವಳ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ಎಂದುಕೊಂಡು ಬಸ್ಸು ಹತ್ತಿದೆ. ದಾರಿಯಲ್ಲೇ ಫೋನು ಸದ್ದು ಮಾಡಿತು. ಆರ್ಡರು! ಪುಣೆಯಿಂದ. ಅದೇ ಚಿತ್ರಕ್ಕೆ.

ಎಷ್ಟೋ ತಿಂಗಳು ಕಾದದ್ದು ಬಂತೆಂದು ಕುಣಿಯಬೇಕಿತ್ತು. ಕೋಣೆಗೆ ಬಂದು ಮಂಚದ ಮೇಲೆ ಕೂತು ‘ರದ್ದು ಮಾಡಿ’ ಅನ್ನುವ ಗುಂಡಿಯನ್ನೇ ನೋಡಿದೆ. ಒತ್ತಿದರೆ ನನ್ನ ಅಂಗಡಿ ಮುಗಿದಂತೆ, ಇನ್ನೊಬ್ಬರು ಬರುವ ನಂಬಿಕೆ ನನಗಿರಲಿಲ್ಲ. ಒತ್ತದಿದ್ದರೆ ಅವ್ವನ ಪಾಲಿಗೆ ಅಪ್ಪ ಇನ್ನೊಮ್ಮೆ ಹೋದಂತೆ. ಏನು ಮಾಡಲಿ ಎಂದು ಕೇಳಲು ಆ ಊರಿನಲ್ಲಿ ನನಗೊಂದು ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ಅವ್ವನಿಗೇ ಫೋನು ಮಾಡಿ, ರದ್ದು ಮಾಡುತ್ತೇನೆ ಅಂದೆ.

“ತಲೆ ಕೆಟ್ಟೈತೇನೇ ನಿನಗೆ? ಬಂದ ಗಿರಾಕೀನ ವಾಪಸ್ ಕಳಿಸ್ತಾರಾ? ಇಲ್ಲಿಗೆ ತಗೊಂಡ್ ಬಾ, ನಾನೇ ಕಟ್ಟಿಕೊಡ್ತೀನಿ.”

“ನಿನಗೆ ಇನ್ನೊಂದು ಬರ್ಕೊಡ್ತೀನವ್ವ.”

“ಯಾರನ್ನ ಕುಂದ್ರಿಸ್ಕೊಂಡು ಬರೀತೀಯಾ?”

ಅವಳೇ ಫೋನು ಇಟ್ಟಳು.

ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಅದೇ ಬಸ್ಸಿನಲ್ಲಿ ಊರಿಗೆ ಹೋದೆ. ಅವ್ವ ಅದನ್ನು ಗೋಡೆಗೆ ಆನಿಸಿ ಎದುರಿಗೆ ಕಾಲು ಮಡಚಿ ಕೂತಳು. ಫೋನಿನಲ್ಲಿ ಅಂಗೈಯಗಲ ನೋಡಿದ್ದವಳು ಅಷ್ಟು ದೊಡ್ಡದನ್ನು ಕಂಡು, “ಅಯ್ಯ!” ಅಂದಳು. ಆಮೇಲೆ ಅಪ್ಪನ ಬನಿಯನ್ನಿನ ಹೆಗಲಿಗೆ ಅಂಟಿದ್ದ ನೂಲಿನ ಚೂರುಗಳನ್ನು ಬೆರಳು ಮಾಡಿ ತೋರಿಸಿದಳು.

“ಇದು ಫೋನಲ್ಲಿ ಕಾಣ್ತಿರ್ಲಿಲ್ಲ. ಕೊಡವ್ಕೊಂಡು ಊಟಕ್ಕೆ ಬರ್ರಿ ಅಂತ ಎಷ್ಟ್ ಸಲ ಹೇಳಿದ್ದೆ.”

“ಮುಟ್ಟವ್ವ, ಏನೂ ಆಗಲ್ಲ.”

ಸೆರಗಿಗೆ ಕೈ ಒರೆಸಿಕೊಂಡಳು. ಕೈ ಅಪ್ಪನ ಹೆಗಲ ಹತ್ತಿರದವರೆಗೂ ಹೋಯಿತು, ಅಲ್ಲೇ ನಿಂತಿತು. “ಗಿರಾಕೀದು,” ಎಂದು ಹಿಂದಕ್ಕೆ ತೆಗೆದುಕೊಂಡಳು.

ಒಗೆದು ಮಡಚಿಟ್ಟಿದ್ದ ಅಪ್ಪನ ಹಳೆ ಪಂಚೆಯಲ್ಲಿ ಸುತ್ತಿದಳು. ಅದರ ಮೇಲೆ ಪ್ಲಾಸ್ಟಿಕ್ಕು, ರಟ್ಟು, ಹುರಿ. ಗಂಟುಗಳನ್ನು ನಾನು ಹಾಕಲು ಹೋದರೆ ಕೈ ತಳ್ಳಿದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಕೊರಿಯರ್ ಅಂಗಡಿಯವರೆಗೂ ತಾನೂ ನಡೆದು ಬಂದಳು. ಅಂಗಡಿಯವನು ತೂಕ ಹಾಕಿ, ಚೀಟಿ ಅಂಟಿಸಿ, ಕಟ್ಟನ್ನು ಹೊರಗೆ ನಿಂತಿದ್ದ ಗಾಡಿಯೊಳಗೆ ಇಟ್ಟ. “ನಡಿಯವ್ವ,” ಅಂದೆ. ಅವಳು ಅಲುಗಲಿಲ್ಲ. ಅಪ್ಪನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದ ಬೆಳಿಗ್ಗೆ ಅವಳು ಹಿತ್ತಲಲ್ಲಿ ನೀರು ಹಿಡಿಯುತ್ತಿದ್ದಳು, ಓಡಿ ಬರುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು, ಅಪ್ಪ ಮತ್ತೆ ಮನೆಗೆ ಬರಲಿಲ್ಲ. ಈಗ ಗಾಡಿಯವನು ಬಾಗಿಲು ಹಾಕುವ ಮೊದಲು ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಒಂದು ಹೆಜ್ಜೆ ಮುಂದೆ ಹೋದಳು.

“ಹೋಗಿ ಬರ್ರಿ,” ಅಂದಳು.