ಮೂರನೆಯ ಗವಿಯ ಬಿಲ್ಲೆ

ಉರಿಗಾಂ ಕಡೆಯ ಚಿನ್ನದ ಗಣಿಯೊಂದರ ದೀಪದ ಕೋಣೆಯಲ್ಲಿ ಕೋದಂಡಪ್ಪ ಇಪ್ಪತ್ತಾರು ವರ್ಷ ಒಂದೇ ಕಿಟಕಿಯ ಹಿಂದೆ ನಿಂತು ಕೆಲಸ ಮಾಡಿದ. ಕೆಲಸವೇನೋ ಸುಲಭದ್ದೇ. ಗಣಿಗೆ ಇಳಿಯುವವನು ಕಿಟಕಿಯ ಮುಂದೆ ಬಂದು ತನ್ನ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಕೊಡುತ್ತಾನೆ. ಕೋದಂಡಪ್ಪ ಅದನ್ನು ಹಿಂದಿನ ಹಲಗೆಯಲ್ಲಿ ಅದೇ ನಂಬರಿನ ಮೊಳೆಗೆ ತಗುಲಿಸಿ, ಹೊತ್ತಿಸಿದ ದೀಪವನ್ನು ಅವನ ಕೈಗಿಡುತ್ತಾನೆ. ಪಾಳಿ ಮುಗಿದು ಮೇಲೆ ಬಂದವನು ದೀಪ ಒಪ್ಪಿಸಿ ಬಿಲ್ಲೆಯನ್ನು ವಾಪಸು ಪಡೆಯುತ್ತಾನೆ. ಮೊಳೆಯಲ್ಲಿ ಬಿಲ್ಲೆ ಇದ್ದರೆ ಮನುಷ್ಯ ಕೆಳಗಿದ್ದಾನೆ, ಇಲ್ಲದಿದ್ದರೆ ಮೇಲಿದ್ದಾನೆ. ಇಳಿದವನ ಕೈಗಲ್ಲದೆ ಇನ್ನೊಬ್ಬರ ಕೈಗೆ ಬಿಲ್ಲೆ ಹೋಗಕೂಡದು. ಒಡಹುಟ್ಟಿದ ಅಣ್ಣ ಬಂದು ಕೇಳಿದರೂ ಕೋದಂಡಪ್ಪ, "ಅವನೇ ಬರಲಿ" ಎಂದು ಹೇಳಿ ಕಳುಹಿಸುತ್ತಿದ್ದ.

ಈ ಕಟ್ಟಳೆಯನ್ನು ಅವನು ಮುರಿದದ್ದು ಒಂದೇ ಸಲ. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಕೆಳಗೆ ಬಂಡೆ ಸಿಡಿದು ಮುನಿಶಾಮಿಯೆಂಬವನು ಸಿಕ್ಕಿಕೊಂಡ. ಮುನಿಶಾಮಿ ಕೋದಂಡಪ್ಪನ ಮನೆಯಿಂದ ನಾಲ್ಕನೇ ಮನೆಯವನು. ಅವನನ್ನು ಹುಡುಕಲು ಹೋದವರು ದಿನವೂ ಬರಿಗೈಯಲ್ಲಿ ಬಂದರು. ಮುನ್ನೂರ ಹದಿನೇಳನೆಯ ಮೊಳೆಯಲ್ಲಿ ಅವನ ಬಿಲ್ಲೆ ಹಾಗೆಯೇ ತೂಗುತ್ತಿತ್ತು. ಹನ್ನೆರಡನೆಯ ದಿನ ಬೆಳಗ್ಗೆ ಆಫೀಸಿನಿಂದ ಚೀಟಿ ಬಂತು: ಬಿಲ್ಲೆಯನ್ನು ತೆಗೆದು ಕಳುಹಿಸತಕ್ಕದ್ದು. ಕೋದಂಡಪ್ಪ ತೆಗೆದು ಕಳುಹಿಸಿದ. ಕೆಳಗಿನ ಆ ಸುರಂಗಕ್ಕೆ ಗೋಡೆ ಕಟ್ಟಿದ್ದು ಮರುದಿನ.

ಒಂದು ದಿನ ತಡೆದಿದ್ದರೆ? ಚೀಟಿ ಕಾಣಲಿಲ್ಲವೆಂದು ಹೇಳಿದ್ದರೆ? ಬಿಲ್ಲೆ ಮೊಳೆಯಲ್ಲಿದ್ದಿದ್ದರೆ ಇನ್ನೊಂದು ದಿನ ಹುಡುಕುತ್ತಿದ್ದರೋ ಏನೋ. ಈ ಪ್ರಶ್ನೆಯನ್ನು ಅವನು ಯಾರ ಮುಂದೆಯೂ ಆಡಲಿಲ್ಲ. ಆದರೆ ಅಂದಿನಿಂದ ಮುನಿಶಾಮಿಯ ಹೆಂಡತಿ ಕನಕಮ್ಮ ಎದುರಿಗೆ ಬಂದರೆ ತಲೆ ತಗ್ಗಿಸಿ ನಡೆದ. ಮುನ್ನೂರ ಹದಿನೇಳನೆಯ ನಂಬರನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಮೇಲಿನವರು ಕೇಳಿದರೆ, "ಮೊಳೆ ಸಡಿಲ, ಸಾರ್" ಎನ್ನುತ್ತಿದ್ದ. ಒಂದು ಮೊಳೆಯ ಮೇಲೆ ಯಾರು ತಾನೆ ವಿಚಾರಣೆ ನಡೆಸುತ್ತಾರೆ?

ಇಂಥವನು ಕತೆಯ ಹುಚ್ಚಿಗೆ ಬಿದ್ದದ್ದು ಐವತ್ತೇಳರಲ್ಲಿ. ಬೆಂಗಳೂರಿನ ಮಾಸಪತ್ರಿಕೆಯೊಂದರಲ್ಲಿ 'ಸಪ್ತಗವಿ ವೃತ್ತಾಂತ' ಎಂಬ ಧಾರಾವಾಹಿ ಆರಂಭವಾಯಿತು. ಏಳು ಗವಿಗಳ ಒಂದು ಬೆಟ್ಟ. ಗವಿಗಳ ಬಾಯಲ್ಲಿ ಕಾವಲು ಕೂತ, ಎಡಗೈಯನ್ನು ಎಂದೂ ಕಂಬಳಿಯಿಂದ ಹೊರಗೆ ತೆಗೆಯದ ಮುದುಕ. ಆಪತ್ತು ಬರುವ ಮುಂಚೆ ಕೂಗುವ ಬಿಳಿ ಗೂಬೆ. ನಾಲ್ಕನೆಯ ಕಂತಿನಲ್ಲಿ ಮೂರನೆಯ ಗವಿಯನ್ನು ಹೊಕ್ಕು ಹಿಂದಿರುಗದ ಹಿರಿಯ ರಾಜಕುಮಾರ ಮೇಘಸೇನ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತನಾಗಿದ್ದ ಜಯರಾಮಪ್ಪ, ಪತ್ರಿಕೆಯ ಕಟ್ಟು ರೈಲಿನಿಂದ ಇಳಿದ ಕೂಡಲೇ ತನ್ನ ಪ್ರತಿಯನ್ನು ಎತ್ತಿಟ್ಟುಕೊಂಡು, ಭಾನುವಾರ ಮಾರಿಕುಪ್ಪಂ ರೈಲು ಹತ್ತಿ ಉರಿಗಾಮಿನಲ್ಲಿ ಇಳಿಯುತ್ತಿದ್ದ. ದರ್ಜಿ ಕುಪ್ಪುಸ್ವಾಮಿಯ ಅಂಗಡಿ ಜಗಲಿಯಲ್ಲಿ ಓದು ನಡೆಯುತ್ತಿತ್ತು. ಕನ್ನಡ ಓದಲು ಬಾರದವರೂ ಬರುತ್ತಿದ್ದರು; ಅಲ್ಲಲ್ಲಿ ನಿಲ್ಲಿಸಿ ತಮಿಳಿನಲ್ಲೋ ತೆಲುಗಿನಲ್ಲೋ ಎರಡು ಮಾತು ಹೇಳಿದರೆ ಸಾಕಾಗುತ್ತಿತ್ತು. ಕನಕಮ್ಮನೂ ಬರುತ್ತಿದ್ದಳು. ಕುಪ್ಪುಸ್ವಾಮಿಯ ಅಂಗಡಿಗೆ ಗುಂಡಿ ಹೊಲಿದುಕೊಡುವುದು ಅವಳ ಜೀವನ. ಭಾನುವಾರವೂ ಬಾಗಿಲ ಪಕ್ಕ ಕೂತು ಗುಂಡಿ ಹೊಲಿಯುತ್ತ, ಒಂದು ಮಾತನ್ನೂ ಆಡದೆ ಕೇಳಿ ಎದ್ದು ಹೋಗುತ್ತಿದ್ದಳು.

ಓದಿಗೆ ಅರ್ಧ ಗಂಟೆ ಹಿಡಿದರೆ, ಓದಿನ ಮೇಲಿನ ಜಗಳಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು.

"ಏಳು ಗವಿ ಅಂದರೆ ಬೆಟ್ಟದ ಗವಿ ಅಲ್ಲ ಸ್ವಾಮಿ," ಎಂದು ಜಯರಾಮಪ್ಪ ಕನ್ನಡಕವನ್ನು ಹಣೆಗೇರಿಸುವನು. "ದೇಹದೊಳಗಿನ ಏಳು ಚಕ್ರಗಳು. ಲೇಖಕರು ದೊಡ್ಡ ವೇದಾಂತಿಗಳು. ನಮ್ಮಂಥವರಿಗೆ ತಿಳಿಯಲಿ ಅಂತ ಗೂಬೆ, ಗವಿ ಅಂತ ಬರೆದಿದ್ದಾರೆ."

"ಚಕ್ರ ನಿಮ್ಮ ರೈಲಿಗೈತೆ," ಎನ್ನುವನು ಕುಪ್ಪುಸ್ವಾಮಿ. "ಆ ಗೂಬೆ ಯಾರು ಗೊತ್ತಾ? ರಾಣಿಯಮ್ಮ! ಐದು ವರ್ಷದಿಂದ ನೋಡ್ತಾ ಇವ್ನಿ. ಗೂಬೆ ಬಂದ ಕಂತಲ್ಲಿ ರಾಣಿ ಬರಲ್ಲ, ರಾಣಿ ಬಂದ ಕಂತಲ್ಲಿ ಗೂಬೆ ಬರಲ್ಲ. ಬೇಕಾದ್ರೆ ಹಳೇ ಪುಸ್ತಕ ತೆಗೀರಿ!"

ಹಳೆಯ ಪ್ರತಿಗಳನ್ನು ತೆಗೆದು ನೋಡಿದರೆ ಅದು ನಿಜವೇ ಆಗಿರುತ್ತಿತ್ತು.

ಕೋದಂಡಪ್ಪನ ಕಣ್ಣು ಬೇರೆಯ ಕಡೆ ಇತ್ತು. ಪ್ರತಿ ಕಂತಿನ ನೆತ್ತಿಯಲ್ಲಿ ಅಂಗೈಯಗಲದ ಒಂದು ಚಿತ್ರವಿರುತ್ತಿತ್ತು: ಗವಿಗಳ ಬಾಯಿ, ಮುದುಕ, ಅವನ ಹಿಂದೆ ಒಂದು ಹಲಗೆ. ಆ ಹಲಗೆಯಲ್ಲಿ ಏಳು ಮೊಳೆಗಳು. ಐದನೆಯ ಕಂತಿನಿಂದ ಮೂರನೆಯ ಮೊಳೆಯಲ್ಲಿ ದುಂಡನೆಯದೊಂದು ತೂಗುತ್ತಿದ್ದುದನ್ನು ಮೊದಲು ಕಂಡವನು ಅವನೇ. ಕತೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

"ಬಿಲ್ಲೆ," ಎಂದ ಕೋದಂಡಪ್ಪ. "ಮೇಘಸೇನನ ಬಿಲ್ಲೆ. ಅರಮನೇಲಿ ತಿಥಿ ಮಾಡಿದ್ರೆ ಮಾಡ್ಲಿ. ಬಿಲ್ಲೆ ಮೊಳೇಲಿರೋ ಗಂಟ ಅವನು ಒಳಗವನೆ. ಬದುಕವನೆ."

ಗಣಿಯ ಜನಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಎಲ್ಲರೂ ಒಪ್ಪಿದರು. ಹೊಸ ಸಂಚಿಕೆ ಬಂದರೆ ಮೊದಲು ಚಿತ್ರವನ್ನು ಕೋದಂಡಪ್ಪನ ಕೈಗೆ ಕೊಡುವುದು, ಅವನು "ಇದೆ" ಎನ್ನುವುದು, ಆಮೇಲೆ ಓದು ತೊಡಗುವುದು ವಾಡಿಕೆಯಾಯಿತು. ಅವನು ಚಿತ್ರದ ಮೇಲೆ ಭೂತಗನ್ನಡಿ ಹಿಡಿದು ಕೂತರೆ ಹೆಂಡತಿ ಗಂಗರತ್ನಮ್ಮ, "ಮನೇಲಿ ಸೀಮೆಎಣ್ಣೆ ತೀರಿದ್ದು ಕಾಣಾಕಿಲ್ಲ, ಪುಸ್ತಕದಾಗೆ ಸಾಸಿವೆಯಷ್ಟು ಬಿಲ್ಲೆ ಕಾಣ್ತದೆ" ಎಂದು ಮೂದಲಿಸುವಳು. ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಮೇಘಸೇನ ಹಿಂದಿರುಗಿದರೆ ತನ್ನ ಎದೆಯ ಮೇಲಿನ ಕಲ್ಲೂ ಸ್ವಲ್ಪ ಸರಿದೀತೆಂದು ಗಂಡ ಕಾದಿದ್ದಾನೆಂಬುದನ್ನು ಅರಿತೇ ಅವಳು ಆ ಮಾತನ್ನು ಅಷ್ಟಕ್ಕೇ ನಿಲ್ಲಿಸುತ್ತಿದ್ದಳು.

ಅರವತ್ತೆರಡರ ಬೇಸಿಗೆಯಲ್ಲಿ ಬಂದ ಸಂಚಿಕೆಯನ್ನು ಕೋದಂಡಪ್ಪ ಹಿಡಿದ ಕೈಯಲ್ಲೇ ಹಿಡಿದು ಕೂತುಬಿಟ್ಟ.

"ಯಾಕಣ್ಣ? ಇದೆ ಅನ್ನು, ಓದಾನ," ಎಂದ ಕುಪ್ಪುಸ್ವಾಮಿ.

"ಇಲ್ಲ."

ಎಲ್ಲರೂ ಬಗ್ಗಿ ನೋಡಿದರು. ಹಲಗೆ ಇತ್ತು, ಏಳು ಮೊಳೆಗಳಿದ್ದವು, ಮುದುಕನೂ ಇದ್ದ. ಬಿಲ್ಲೆ ಇರಲಿಲ್ಲ.

ಜಗಲಿಯಲ್ಲಿ ಸಂತೆ ಸೇರಿದಷ್ಟು ಗದ್ದಲವಾಯಿತು. ಮೇಘಸೇನ ಹೊರಗೆ ಬಂದಿದ್ದಾನೆ, ಹೋದ ಕಂತಿನ ಕೊಳಲು ಮಾರುವವನೇ ಅವನು ಎಂದು ಜಯರಾಮಪ್ಪ ಹೇಳಿದ. ಕುಪ್ಪುಸ್ವಾಮಿ ಎದ್ದುನಿಂತು ಕೊಳಲು ಮಾರುವವನ ಕುಂಟುವ ಕಾಲಿಗೂ ರಾಜಕುಮಾರನ ಹಳೆಯ ಬಾಣದ ಗಾಯಕ್ಕೂ ಗಂಟು ಹಾಕಿದ. ಕೋದಂಡಪ್ಪ ಮಾತ್ರ ತಲೆಯಾಡಿಸಿದ.

"ಬಂದಿದ್ರೆ ಮುದುಕನ ಮುಂದೆ ನಿಂತು ಇಸ್ಕೋಬೇಕು. ಬಂದಿಲ್ಲ. ಮುದುಕ ತೆಗೆದವನೆ. ಯಾರೋ ಹೇಳಿದ್ರು, ತೆಗೆದುಬಿಟ್ಟ." ಅವನ ದನಿ ಕೆಳಗಿಳಿಯಿತು. "ತೆಗೀಬಾರದಾಗಿತ್ತು."

ಆ ವಾರವೇ ಅವನು ಪತ್ರಿಕೆಯ ವಿಳಾಸಕ್ಕೆ, ಲೇಖಕರ ಹೆಸರಿನಲ್ಲಿ ಕಾಗದ ಬರೆದ. ನಾಲ್ಕು ಸಲ ಹರಿದು ಹಾಕಿ, ಐದನೆಯ ಸಲ ಬರೆದದ್ದು ಇಷ್ಟೇ: 'ಮಹಾಶಯರೇ, ಮೂರನೆಯ ಗವಿಯ ಬಿಲ್ಲೆಯನ್ನು ತೆಗೆದವರು ಯಾರು? ತೆಗೆದದ್ದು ತಪ್ಪೋ ಸರಿಯೋ ದಯವಿಟ್ಟು ತಿಳಿಸಬೇಕು.'

ಮೂರು ವಾರಗಳ ಮೇಲೆ ಉತ್ತರದ ಕಾರ್ಡು ಬಂತು. ಕೋದಂಡಪ್ಪ ಅದನ್ನು ಭಾನುವಾರದವರೆಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಾಡಿ, ಜಗಲಿಯಲ್ಲಿ ಜಯರಾಮಪ್ಪನ ಕೈಗೆ ಕೊಟ್ಟ. ಜಯರಾಮಪ್ಪ ಗಟ್ಟಿಯಾಗಿ ಓದಿದ:

'ತಮ್ಮ ಅಭಿಮಾನಕ್ಕೆ ಕೃತಜ್ಞ. ತಾವು ಹೇಳುವ ಬಿಲ್ಲೆಯನ್ನು ನಾನು ಕಂಡವನಲ್ಲ. ಚಿತ್ರಕಾರರನ್ನು ವಿಚಾರಿಸಿದೆ. ಹಲಗೆ ಬರಿದಾಗಿ ಕಂಡುದರಿಂದ ಅಂದಕ್ಕೆಂದು ಒಂದು ದುಂಡು ಗುರುತು ಬರೆದಿದ್ದರಂತೆ. ಚಿತ್ರದ ಅಚ್ಚು ಸವೆದು ಹೊಸದು ಮಾಡಿಸುವಾಗ ಅದನ್ನು ಮರೆತರಂತೆ. ಬೇರೆ ಅರ್ಥವಿಲ್ಲ.'

ಕುಪ್ಪುಸ್ವಾಮಿ ತೊಡೆ ತಟ್ಟಿ ನಕ್ಕ.

"ಸುಳ್ಳು! ಏನು ಸುಳ್ಳು ಹೇಳ್ತಾನಯ್ಯಾ ಈ ಮನುಷ್ಯ! ಕೋದಂಡಪ್ಪಣ್ಣ ಗುಟ್ಟು ಹಿಡಿದುಬಿಟ್ಟ ಅಂತ ಹೆದರಿಕೊಂಡವ್ನೆ!"

"ಹೌದು," ಎಂದ ಜಯರಾಮಪ್ಪ ಗಂಭೀರವಾಗಿ. "ಕಾರ್ಡಿನ ಕೊನೆಯ ಮಾತು ನೋಡಿ. ಬೇರೆ ಅರ್ಥವಿಲ್ಲ! ಅರ್ಥ ಇಲ್ಲದಿದ್ದರೆ ಅರ್ಥವಿಲ್ಲ ಅಂತ ಬರೆಯೋ ಅಗತ್ಯ ಏನಿತ್ತು?"

ಕೋದಂಡಪ್ಪ ನಗಲಿಲ್ಲ. ಅವನಿಗೆ ಲೇಖಕರ ಮಾತು ನಿಜವೆಂದೇ ಅನ್ನಿಸಿತು. ಅಂದಕ್ಕೆ ಬರೆದರು, ಮರೆತು ಬಿಟ್ಟರು. ಹಾಗಾದರೆ ತಪ್ಪೋ ಸರಿಯೋ ಎಂದು ಹೇಳುವವರು ಇನ್ನಾರು? ಅವನು ಟವಲು ಹೆಗಲಿಗೆ ಹಾಕಿಕೊಂಡು ಏಳಬೇಕೆನ್ನುವಷ್ಟರಲ್ಲಿ ಬಾಗಿಲ ಪಕ್ಕದಿಂದ ಒಂದು ಮಾತು ಬಂತು.

"ಅವನ ಎಂಡ್ತಿ ಎಲ್ಲವಳೆ?"

ಐದು ವರ್ಷದಲ್ಲಿ ಕನಕಮ್ಮ ಆಡಿದ ಮೊದಲ ಮಾತು ಅದು. ಎಲ್ಲರೂ ತಿರುಗಿದರು.

"ಯಾರ ಹೆಂಡ್ತಿ ಕನಕಮ್ಮ?" ಎಂದ ಜಯರಾಮಪ್ಪ.

"ಮೇಘಸೇನನ ಎಂಡ್ತಿ. ಗವಿ ಬಾಗ್ಲಲ್ಲಿ ಆರತಿ ಎತ್ತಿ ಕಳಿಸಿದ್ಲು ಅಂತ ಓದಿದ್ರಲ್ಲ, ನಾಲ್ಕನೇ ಕಂತಾಗೆ. ಆಮ್ಯಾಕೆ ಅವಳ ಸುದ್ದಿನೇ ಇಲ್ಲ. ಗೂಬೆ ಎಲ್ಲೋಯ್ತು, ಕೊಳಲು ಯಾರು ಮಾರಿದ್ರು, ಎಲ್ಲ ಕೇಳ್ತೀರ. ಅವಳನ್ನ ಯಾರಾನ ಕೇಳಿದ್ರಾ?" ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಬಿಲ್ಲೆ ತೆಗೆಸಿದೋಳು ಅವಳೇ."

"ಹೆಂಡತಿ ಯಾಕಮ್ಮ ತೆಗೆಸ್ತಾಳೆ?" ಎಂದು ಕುಪ್ಪುಸ್ವಾಮಿ ಕೇಳಿದ.

ಕನಕಮ್ಮ ಹೊಲಿದ ಅಂಗಿಗಳನ್ನು ಮಡಿಸಿಟ್ಟು ಎದ್ದು ಹೊರಟಳು. ಕೋದಂಡಪ್ಪ ಸ್ವಲ್ಪ ದೂರದಲ್ಲಿ ಹಿಂದೆಯೇ ನಡೆದ. ಬಿಸಿಲು ಇನ್ನೂ ಇತ್ತು. ಗಣಿಯ ಮಣ್ಣು ಸುರಿದ ದಿಬ್ಬ ಬೆಳ್ಳಗೆ ಹೊಳೆಯುತ್ತಿತ್ತು. ಬೀದಿಯ ನಲ್ಲಿಯ ಹತ್ತಿರ ಅವಳು ತಾನಾಗಿ ನಿಂತಳು.

"ಕನಕಮ್ಮ, ಆ ಬಿಲ್ಲೆ..." ಎಂದ ಕೋದಂಡಪ್ಪ.

"ಯಾವ ಬಿಲ್ಲೆ? ಪುಸ್ತಕದ್ದಾ, ನಮ್ಮದಾ?"

"ನಮ್ಮದು. ತೆಗೆದೋನು ನಾನು. ಹನ್ನೊಂದು ವರ್ಷ ಆಯ್ತು. ಒಂದು ದಿನ ತಡೀಬೇಕಾಗಿತ್ತು."

ಕನಕಮ್ಮ ಅವನನ್ನು ಬೆರಗಿನಿಂದ ನೋಡಿದಳು. "ನಿಂಗೆ ಗೊತ್ತಿಲ್ವಾ ಅಣ್ಣ? ಆಫೀಸಿಗೆ ಓಗಿ ಕೇಳಿದೋಳು ನಾನಲ್ವಾ?"

ಅವಳು ಹೇಳಿದ್ದು ಹೀಗೆ. ಹನ್ನೊಂದು ದಿನ ಅವಳು ದೀಪದ ಕೋಣೆಯ ಕಿಟಕಿಗೆ ಬಂದು ಮೊಳೆಯನ್ನು ನೋಡಿ ಹೋದಳು. ಮನೆಯಲ್ಲಿ ಅತ್ತೆ ಅಳಲೂ ಇಲ್ಲ, ಉಣ್ಣಲೂ ಇಲ್ಲ. ಬಿಲ್ಲೆ ಇದೆಯಲ್ಲ, ಮಗ ಬರುತ್ತಾನೆ ಎಂದು ಬಾಗಿಲಲ್ಲೇ ಕೂತಳು. ಕೆಳಗೆ ಹೋಗಿ ಬಂದವರು ಕನಕಮ್ಮನ ಮುಖ ನೋಡದೆ ಮಾತಾಡುತ್ತಿದ್ದರು. ಅದರಿಂದಲೇ ಅವಳಿಗೆ ತಿಳಿಯಿತು. ಹನ್ನೊಂದನೆಯ ದಿನ ಹುಡುಕುವವರ ಮುಖಂಡನನ್ನು ತಡೆದು, ಬದುಕಿರುವ ಆಸೆ ಇದೆಯೇ ಎಂದು ಕೇಳಿದಳು. "ಇಲ್ಲಮ್ಮ," ಎಂದ ಆತ. ಹಿಂದಿನ ದಿನವೇ ಹುಡುಕಾಟ ನಿಂತಿತ್ತು. ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಅವತ್ತು ಸಾಯಂಕಾಲ ಓಗಿ, ಬಿಲ್ಲೆ ತೆಗೆಸಿ ಸಾಮಿ ಅಂದೆ. ಮಾರನೇ ದಿನ ಮೊಳೆ ಖಾಲಿ. ಅತ್ತೆ ಬಂದು ನೋಡಿದ್ಲು, ಅಲ್ಲೇ ಬಿದ್ದು ಅತ್ತಳು. ಮನೆಗೆ ಬಂದು ಒಂದು ತುತ್ತು ಉಂಡಳು. ಅಷ್ಟೇ ಬೇಕಾಗಿದ್ದು ನಂಗೆ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ನಾ ಎದುರಿಗೆ ಬಂದ್ರೆ ನೀನು ನೆಲ ನೋಡ್ಕೊಂಡು ಓಗ್ತಿದ್ದೆ. ಗಂಡನ ಬಿಲ್ಲೆ ತಾನೇ ತೆಗೆಸಿದ ಎಂಗಸು ಅಂತ ನಿಂಗೆ ಅಸಹ್ಯ ಅನ್ಕೊಂಡಿದ್ದೆ ನಾನು."

ಕೋದಂಡಪ್ಪ ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಟವಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಏಳಣ್ಣ," ಎಂದಳು ಕನಕಮ್ಮ. "ನೀರು ಹಿಡಿಯೋ ಜಾಗ. ಜನ ಬತ್ತಾರೆ."

ಧಾರಾವಾಹಿ ಮುಂದೆಯೂ ಒಂದೂವರೆ ವರ್ಷ ನಡೆಯಿತು. ಗೂಬೆ ರಾಣಿಯಲ್ಲವೆಂದು ಕೊನೆಯ ಕಂತಿನಲ್ಲಿ ಸ್ಪಷ್ಟವಾದರೂ ಕುಪ್ಪುಸ್ವಾಮಿ ಅದನ್ನು ಸಾಯುವವರೆಗೂ ಒಪ್ಪಲಿಲ್ಲ. ಮೇಘಸೇನನ ಹೆಂಡತಿಯನ್ನು ಲೇಖಕರು ಕಡೆಗೂ ನೆನೆಯಲಿಲ್ಲ. ಆದರೆ ಉರಿಗಾಮಿನ ಜಗಲಿಯಲ್ಲಿ ಅವಳ ಕತೆಯನ್ನು ಕನಕಮ್ಮನೇ ಅಷ್ಟಷ್ಟು ಹೇಳುತ್ತಿದ್ದಳು, ಉಳಿದವರು ಕೇಳುತ್ತಿದ್ದರು.

ಇವೆಲ್ಲ ಆಮೇಲಿನ ಮಾತು. ನಲ್ಲಿಯ ಹತ್ತಿರ ಮಾತಾದ ಮರುದಿನ, ಸೋಮವಾರ ಬೆಳಗಿನ ಪಾಳಿಗೆ, ಕಾಮಸಮುದ್ರದ ಕಡೆಯಿಂದ ಹೊಸದಾಗಿ ಸೇರಿದ ಮುನಿನಾರಾಯಣಪ್ಪ ಕಿಟಕಿಯ ಮುಂದೆ ಬಂದು ನಿಂತ. ಎರಡು ಮಕ್ಕಳ ತಂದೆ; ಅಂದೇ ಮೊದಲು ಗಣಿಗೆ ಇಳಿಯುವವನು. ಅವನಿಗೆ ನಂಬರು ಕೊಡಬೇಕಾಗಿತ್ತು. ಕೋದಂಡಪ್ಪ ಹಲಗೆಯ ಕಡೆ ತಿರುಗಿ, ಮುನ್ನೂರ ಹದಿನೇಳನೆಯ ಮೊಳೆಯನ್ನು ಹಿಡಿದು ಅಲ್ಲಾಡಿಸಿ ನೋಡಿದ. ಮೊಳೆ ಗಟ್ಟಿಯಾಗಿತ್ತು. ಹೊಸ ಬಿಲ್ಲೆಯನ್ನು ಅದಕ್ಕೆ ತಗುಲಿಸಿ ದೀಪ ಕೊಟ್ಟ.

"ಬಂದ ಮೇಲೆ ನೀನೇ ಬಂದು ಇಸ್ಕೋಬೇಕು. ಬೇರೆಯವರ ಕೈಗೆ ಕೊಡಾಕಿಲ್ಲ."

"ಆಯ್ತಣ್ಣ," ಎಂದು ಮುನಿನಾರಾಯಣಪ್ಪ ಸಾಲಿನಲ್ಲಿ ಮುಂದೆ ಹೋದ.

ಆ ದಿನವೆಲ್ಲ ಕೋದಂಡಪ್ಪ ಎಷ್ಟು ಸಲ ಹಿಂದಕ್ಕೆ ತಿರುಗಿ ಹಲಗೆಯನ್ನು ನೋಡಿದನೋ ಅವನಿಗೇ ಗೊತ್ತು. ಮಧ್ಯಾಹ್ನದ ಸೈರನ್ ಕೂಗಿ, ಪಾಳಿಯ ಜನ ಮೈಯೆಲ್ಲ ಧೂಳಾಗಿ ಮೇಲೆ ಬಂದರು. ಮುನಿನಾರಾಯಣಪ್ಪ ಕಿಟಕಿಯಲ್ಲಿ ದೀಪವನ್ನಿಟ್ಟು ಅಂಗೈ ಚಾಚಿದ. ಕೋದಂಡಪ್ಪ ಬಿಲ್ಲೆಯನ್ನು ಮೊಳೆಯಿಂದ ತೆಗೆದು, ಆ ಕೈಯಲ್ಲಿಟ್ಟ.