ಬೆರಳಿಗೆ ಸಿಗದ ಬಿರುಕು

ಲಗ್ಗೆರೆಯ ರಿಂಗ್ ರೋಡಿನಿಂದ ಒಳಗೆ, ಮೂರನೇ ತಿರುವಿನಲ್ಲಿ ವೆಂಕಟರಮಣಪ್ಪನವರ ಗ್ಯಾರೇಜ್ ಇದೆ. ಶೀಟು ಹೊದಿಸಿದ ಒಂದು ಶೆಡ್ಡು, ಮುಂದೆ ಎರಡು ಗಾಡಿ ನಿಲ್ಲುವಷ್ಟು ಜಾಗ. ಅಲ್ಲಿಗೆ ಬರುವುದೆಲ್ಲ ಜೀಪುಗಳೇ. ವಾರವಿಡೀ ಆಫೀಸು, ಕ್ಲಿನಿಕ್ಕು ಅಂತ ಓಡಾಡಿ, ಭಾನುವಾರ ಬಂತೆಂದರೆ ರಸ್ತೆ ಬಿಟ್ಟು ಬಂಡೆ, ಹಳ್ಳ, ಕೆಸರು ಹುಡುಕಿಕೊಂಡು ಹೋಗುವವರ ಜೀಪುಗಳು. ಭಾನುವಾರ ಬಂಡೆ ಹತ್ತಿಳಿದ ಜೀಪು ಸೋಮವಾರ ಏನಾದರೊಂದು ಸದ್ದು ಮಾಡುತ್ತದೆ. ಚಕ್ರದ ಕುಲುಕು ತಡೆಯುವ ಕಮಾನಿನ ಬ್ಲೇಡು ತುಂಡಾಗಿರುತ್ತದೆ, ಅದರ ರಬ್ಬರ್ ಬುಷ್ ಹರಿದಿರುತ್ತದೆ, ಇಲ್ಲವೇ ಇಡೀ ಗಾಡಿಯನ್ನು ಹೊತ್ತ ಚಾಸಿಯೇ ಎಲ್ಲೋ ಒಂದು ಕಡೆ ಸೀಳಿರುತ್ತದೆ.

ಆ ಸೀಳು ಹುಡುಕುವುದರಲ್ಲಿ ವೆಂಕಟರಮಣಪ್ಪನವರಿಗೆ ಹೆಸರಿತ್ತು. ಗಾಡಿಯ ಕೆಳಗೆ ಅಂಗಾತ ಮಲಗಿ, ಕಣ್ಣು ಹೋಗದ ಸಂದಿಗಳಿಗೆ ಕೈ ತೂರಿಸಿ, ಉಕ್ಕಿನ ಉದ್ದಕ್ಕೂ ಬೆರಳು ಸವರಿಕೊಂಡು ಬರುವರು. ಕೂದಲೆಳೆಯಷ್ಟು ಬಿರುಕಿದ್ದರೂ ಬೆರಳು ಅಲ್ಲೇ ನಿಲ್ಲುತ್ತಿತ್ತು. "ಇಲ್ಲಿದೆ ನೋಡು" ಅನ್ನುವರು. ಹತ್ತೊಂಬತ್ತನೇ ವಯಸ್ಸಿಗೆ ಉಕ್ಕು ಉಜ್ಜುವ ಗ್ರೈಂಡರ್ ಹಿಡಿದವರಿಗೆ ಈಗ ಐವತ್ತಾರು.

ಹೋದ ವರ್ಷದ ಚಳಿಗಾಲದಿಂದ ಅವರ ಅಂಗಿಯ ಗುಂಡಿಗಳನ್ನು ಹೆಂಡತಿ ಗಂಗಲಕ್ಷ್ಮಮ್ಮನೇ ಹಾಕುತ್ತಿದ್ದರು. ಬೆಳಿಗ್ಗೆ ಎದ್ದರೆ ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಾಗಿರುತ್ತಿದ್ದವು.

"ರೀ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಚಳಿಗೆ ಕಣೇ. ಬಿಸಿಲು ಬಂದ್ರೆ ಸರಿಹೋಗುತ್ತೆ."

ಬಿಸಿಲು ಬಂತು, ಬೆರಳಿಗೆ ಬಣ್ಣವೂ ಬಂತು. ಗುಂಡಿ ಮಾತ್ರ ಗಂಗಲಕ್ಷ್ಮಮ್ಮನೇ ಹಾಕಬೇಕಾಯಿತು. ಇಬ್ಬರೂ ಮತ್ತೆ ಆ ಮಾತೆತ್ತಲಿಲ್ಲ.

ಜುಲೈನಲ್ಲಿ ಅನಿಕೇತ್ ಜೀಪು ತಂದ. ಬಸವೇಶ್ವರನಗರದಲ್ಲಿ ಹಲ್ಲಿನ ಡಾಕ್ಟರು, ಐದು ವರ್ಷದ ಗಿರಾಕಿ. ಗಾಡಿ ಎಡಕ್ಕೆ ಎಳೆಯುತ್ತಿತ್ತು, ಹಳ್ಳಕ್ಕೆ ಬಿದ್ದಾಗಲೆಲ್ಲ ದಡ್ ಅನ್ನುತ್ತಿತ್ತು. ಮುಂದಿನ ಎಡಗಡೆಯ ಕಮಾನಿನಲ್ಲಿ ಎರಡನೇ ಬ್ಲೇಡು ಮುರಿದಿತ್ತು. ಅದನ್ನು ಬದಲಾಯಿಸಿ, ಹೊಸ ಬುಷ್‌ಗಳನ್ನು ಹಾಕಿ, ವಾಡಿಕೆಯಂತೆ ವೆಂಕಟರಮಣಪ್ಪ ಕೆಳಗೆ ಮಲಗಿ ಚಾಸಿ ಸವರಿದರು. ಬಲಗಡೆ ಸ್ಟೇರಿಂಗ್ ಬಾಕ್ಸಿನ ಹಿಂದೆ ಕೈ ಮಾತ್ರ ಹೋಗುವ ಸಂದಿ. ಅಲ್ಲಿಯೂ ಬೆರಳಾಡಿಸಿದರು. ಎಲ್ಲಿಯೂ ಬೆರಳು ನಿಲ್ಲಲಿಲ್ಲ.

"ಚಾಸಿ ಕ್ಲೀನಾಗಿದೆ ಸಾರ್, ತಗೊಂಡ್ಹೋಗಿ," ಎಂದರು.

ಅದಾದ ಮೂರನೇ ಭಾನುವಾರ ಅನಿಕೇತ್, ಅವನ ಹೆಂಡತಿ ದೀಪ್ತಿ ಮಾಗಡಿ ಕಡೆಯಿಂದ ವಾಪಸ್ ಬರುತ್ತಿದ್ದರು. ತಾವರೆಕೆರೆ ಇನ್ನೂ ದೂರವಿತ್ತು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿತು, ಚಕ್ರ ತಿರುಗಲಿಲ್ಲ. ಸ್ಟೇರಿಂಗ್ ಬಾಕ್ಸು ತಾನು ಕೂತಿದ್ದ ಉಕ್ಕಿನ ತುಂಡಿನ ಸಮೇತ ಚಾಸಿಯಿಂದ ಕಿತ್ತುಬಂದಿತ್ತು. ವೇಗ ಹೆಚ್ಚಿರಲಿಲ್ಲವಾದ್ದರಿಂದ ಜೀಪು ರಸ್ತೆ ಪಕ್ಕದ ಮೋರಿಗೆ ಇಳಿದು ನಿಂತಿತು. ಅನಿಕೇತನಿಗೆ ಏನೂ ಆಗಲಿಲ್ಲ. ದೀಪ್ತಿಯ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು.

ಸೋಮವಾರ ಜೀಪನ್ನು ಎಳೆದು ತಂದು ಗ್ಯಾರೇಜಿನಲ್ಲಿ ಬಿಟ್ಟುಹೋದರು. ವೆಂಕಟರಮಣಪ್ಪನವರ ಜೊತೆ ಹದಿನಾಲ್ಕು ವರ್ಷದಿಂದ ವೆಲ್ಡಿಂಗ್ ಮಾಡುವ ಶಶಿಕುಮಾರ್ ಕಿತ್ತ ಜಾಗಕ್ಕೆ ಟಾರ್ಚ್ ಬಿಟ್ಟ. ಒಡೆದ ಅಂಚಿನಲ್ಲಿ ಅರ್ಧದಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಅದು ಭಾನುವಾರ ಹರಿದದ್ದು. ಇನ್ನರ್ಧ ಕೆಂಪಗೆ ತುಕ್ಕು ಹಿಡಿದಿತ್ತು. ಅದು ತಿಂಗಳುಗಟ್ಟಲೆ ಹಳೆಯದು.

ಶಶಿಕುಮಾರ್ ಟಾರ್ಚ್ ಕೆಳಗಿಟ್ಟ. "ಅಣ್ಣ, ವೈರ್ ಬ್ರಷ್ ಹೊಡೆದ್ಬಿಡ್ಲಾ? ಆಮೇಲೆ ಹಳೇದೋ ಹೊಸದೋ ಯಾರಿಗೂ ಗೊತ್ತಾಗಲ್ಲ."

"ಬೇಡ. ಹಂಗೇ ಇರ್ಲಿ."

ವೆಂಕಟರಮಣಪ್ಪ ಕಣ್ಣು ಮುಚ್ಚಿ, ಕಾಣುತ್ತಿದ್ದ ಆ ಸೀಳಿನ ಮೇಲೆ ಬೆರಳು ಸವರಿದರು. ಅಂಚು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ತಿಳಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ ತೋರುಬೆರಳು ಕುಯ್ದು ರಕ್ತ ಬಂದಿತ್ತು. ಭಯವಾಗಬಹುದೆಂದು ಕಾದರು. ಆಗಲಿಲ್ಲ. ಕೈ ತೊಳೆದುಕೊಂಡು, ಪಕ್ಕದಲ್ಲಿದ್ದ ಇನ್ನೊಂದು ಗಾಡಿಯ ಚಕ್ರ ಬಿಚ್ಚಲು ಕೂತರು.

ಸಂಜೆ ಅನಿಕೇತ್ ಬಂದಾಗ ಆ ಅಂಚನ್ನು ತೋರಿಸಿದರು.

"ಈ ತುಕ್ಕು ನೋಡಿ ಸಾರ್. ನೀವು ಗಾಡಿ ತಂದಾಗ್ಲೇ ಇದು ಇತ್ತು. ನನ್ನ ಕೈಗೆ ಸಿಗಲಿಲ್ಲ."

"ನೀವು ನೋಡಿದ್ರಿ ತಾನೇ ಅಣ್ಣ?"

"ನೋಡ್ದೆ. ಬೆರಳಿಗೆ ಗೊತ್ತಾಗ್ಲಿಲ್ಲ. ಬೆರಳು ಸತ್ತೋಗಿದೆ ಅನ್ಸುತ್ತೆ."

ಅನಿಕೇತ್ ಬೈಯಲಿಲ್ಲ. ಜೀಪಿನ ಬಾನೆಟ್ ಮೇಲೆ ಕೈಯಿಟ್ಟುಕೊಂಡು ರಸ್ತೆ ನೋಡುತ್ತಾ ನಿಂತ. "ನಾನು ಅವಳಿಗೆ ಏನಂತ ಹೇಳ್ಲಿ?" ಎಂದ ಕೊನೆಗೆ.

"ನಾನೇ ಬಂದು ಹೇಳ್ತೀನಿ ಸಾರ್."

ಮಾರನೇ ದಿನ ಮಧ್ಯಾಹ್ನ ವೆಂಕಟರಮಣಪ್ಪ ಸ್ಕೂಟರಿನಲ್ಲಿ ಬಸವೇಶ್ವರನಗರಕ್ಕೆ ಹೋದರು. ಬಾಗಿಲು ತೆಗೆದದ್ದು ದೀಪ್ತಿಯೇ. ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ನೇತಾಡುತ್ತಿತ್ತು. ಎಡಗೈಯಲ್ಲೇ ಕಾಫಿ ತಂದುಕೊಟ್ಟಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು.

"ಮೇಡಂ, ತಪ್ಪು ನಂದು," ಎಂದು ಶುರುಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಅವರ ದನಿ ಯಾವುದೋ ಗಾಡಿಯ ರಿಪೇರಿ ವಿವರಿಸುವಂತೆಯೇ ಇತ್ತು. ಹೇಳುವಾಗ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದರು.

ದೀಪ್ತಿ ಅವರ ಮುಖ ಬಿಟ್ಟು ಕೈ ನೋಡುತ್ತಿದ್ದಳು. "ಲೋಟ ಕೆಳಗಿಡಿ."

"ಪರವಾಗಿಲ್ಲ ಮೇಡಂ..."

"ಕೆಳಗಿಡಿ ಅಂದೆ. ಈಗ ತಾನೇ ಕುದಿಸಿದ್ದು ಅದು."

ಇಟ್ಟರು. ಬೆರಳುಗಳೆಲ್ಲ ಕೆಂಪಗಾಗಿದ್ದವು. ದೀಪ್ತಿ ಅಡುಗೆಮನೆಯಿಂದ ಒದ್ದೆ ಬಟ್ಟೆ ತಂದು ಅವರ ಮುಂದಿಟ್ಟಳು.

"ಬೋರ್ಡ್ ಮೇಲೆ ಎಡಗೈಲಿ ಬರೆಯೋದು ಕಲೀಬೇಕು ಈಗ," ಎಂದಳು. "ನಿಮ್ಮ ಮೇಲೆ ನಂಗೆ ಕೋಪ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಈ ಕೈ ಇಟ್ಕೊಂಡು ಇನ್ನೂ ಎಷ್ಟು ಜನರ ಗಾಡಿ ನೋಡಿದೀರಿ?"

ವೆಂಕಟರಮಣಪ್ಪ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡರು.

ದೀಪ್ತಿಯೇ ಹೇಳಿದ ಒಂದು ಕ್ಲಿನಿಕ್ಕಿಗೆ ಆ ವಾರ ಗಂಗಲಕ್ಷ್ಮಮ್ಮ ಗಂಡನನ್ನು ಕರೆದುಕೊಂಡು ಹೋದರು. ನರದ ಡಾಕ್ಟರು ಕಣ್ಣು ಮುಚ್ಚಿಸಿ ಬೆರಳ ತುದಿಗೆ ಸೂಜಿ ಮುಟ್ಟಿಸುತ್ತಾ ಹೋದರು. ಹತ್ತರಲ್ಲಿ ಏಳು ಸಲ ವೆಂಕಟರಮಣಪ್ಪನವರಿಗೆ ಮುಟ್ಟಿದ್ದು ತಿಳಿಯಲಿಲ್ಲ. ಇಷ್ಟು ವರ್ಷ ಗ್ರೈಂಡರಿನ ನಡುಕ ತಿಂದು ನರ ಸವೆದಿದೆ, ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಇನ್ನು ಗ್ರೈಂಡರ್ ಮುಟ್ಟಬೇಡಿ ಎಂದರು. ಹೊರಗೆ ಬಂದ ಮೇಲೆ ಗಂಗಲಕ್ಷ್ಮಮ್ಮ ಅತ್ತರು. ವೆಂಕಟರಮಣಪ್ಪ ಸ್ಕೂಟರ್ ಸ್ಟಾರ್ಟ್ ಮಾಡಿ ಕಾಯುತ್ತಾ ನಿಂತರು.

ಅನಿಕೇತನ ಜೀಪಿನ ಕೆಲಸ ಹತ್ತು ದಿನ ಹಿಡಿಯಿತು. ಬಿರುಕು ಮುಂದಕ್ಕೆ ಓಡದಂತೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆದು, ಅಂಚನ್ನು ಇಳಿಜಾರಾಗಿ ಉಜ್ಜಿ, ವೆಲ್ಡ್ ತುಂಬಿ, ಮೇಲೆ ದಪ್ಪ ತಗಡು ಕೂರಿಸಬೇಕು. ಇದೆಲ್ಲ ಶಶಿಕುಮಾರ್ ಮಾಡಿದ. ವೆಂಕಟರಮಣಪ್ಪ ಸ್ಟೂಲ್ ಮೇಲೆ ಕೂತು ಹೇಳುತ್ತಾ ಹೋದರು. ಕೊನೆಗೆ ಸೀಮೆಎಣ್ಣೆ ಸವರಿ, ಒರೆಸಿ, ಚಾಕ್ ಪುಡಿ ಬಳಿದು ನೋಡಿದರು. ಎಲ್ಲಾದರೂ ಬಿರುಕು ಉಳಿದಿದ್ದರೆ ಒಳಗಿನ ಎಣ್ಣೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಮೂಡಲಿಲ್ಲ. ಅನಿಕೇತ್ ಬಂದು ಎಲ್ಲ ನೋಡಿ, ಥ್ಯಾಂಕ್ಸ್ ಹೇಳಿ, ಜೀಪು ತೆಗೆದುಕೊಂಡು ಹೋದ. ಆಮೇಲೆ ಅವನು ಆ ಕಡೆ ಬರಲಿಲ್ಲ.

ಆ ಹತ್ತು ದಿನದಲ್ಲೇ ವೆಂಕಟರಮಣಪ್ಪ ಇನ್ನೊಂದು ಕೆಲಸ ಶುರುಮಾಡಿದ್ದರು. ಬೆರಳು ಯಾವತ್ತು ಸತ್ತಿತು ಎಂದು ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಹೋದ ಚಳಿಗಾಲದಿಂದ ತಾವು ಸರಿಯಿದೆ ಎಂದು ಕಳಿಸಿದ್ದ ಜೀಪುಗಳನ್ನೆಲ್ಲ ನೆನಪು ಮಾಡಿಕೊಂಡು, ಒಬ್ಬೊಬ್ಬರಿಗೇ ಫೋನ್ ಮಾಡಿದರು. ಒಟ್ಟು ಹತ್ತೊಂಬತ್ತು.

"ನನ್ನ ಕೈ ಸರಿ ಇಲ್ಲ ಸಾರ್. ನಿಮ್ಮ ಗಾಡಿ ಇನ್ನೊಂದ್ಸಲ ನೋಡ್ಬೇಕು, ತಗೊಂಡ್ಬನ್ನಿ."

"ಮುಂಚೇನೇ ಹೇಳೋಕಾಗಿರ್ಲಿಲ್ವಾ?" ಎಂದು ಕೆಲವರು ರೇಗಿದರು. ಇಬ್ಬರು ಬೇರೆ ಕಡೆ ತೋರಿಸಿಕೊಳ್ಳುತ್ತೇವೆ ಎಂದು ಫೋನ್ ಇಟ್ಟರು. ಹದಿನಾರು ಗಾಡಿಗಳು ಬಂದವು. ಪ್ರತಿಯೊಂದರಲ್ಲೂ ಸ್ಟೇರಿಂಗ್ ಬಾಕ್ಸು, ಶಾಕ್ ಅಬ್ಸಾರ್ಬರ್ ಬಿಚ್ಚಿ, ಚಾಕ್ ಬಳಿದು, ಕೈಗನ್ನಡಿ ಹಿಡಿದು ನೋಡಿದರು. ಒಂದೊಂದಕ್ಕೆ ಒಂದಿಡೀ ದಿನ. ಎರಡು ಗಾಡಿಗಳಲ್ಲಿ ಕಪ್ಪು ಗೆರೆ ಮೂಡಿತು. ಎರಡನೆಯದು ಸಿಕ್ಕಾಗ ಶಶಿಕುಮಾರ್, "ಸದ್ಯ, ಸಿಕ್ತಲ್ಲ ಅಣ್ಣ," ಎಂದ. ವೆಂಕಟರಮಣಪ್ಪ ತಲೆಯಾಡಿಸಿದರು. ಆ ಗೆರೆಯ ಮುಂದೆ ಕನ್ನಡಿ ಹಿಡಿದುಕೊಂಡು ತುಂಬಾ ಹೊತ್ತು ಮಲಗೇ ಇದ್ದರು.

ಹತ್ತೊಂಬತ್ತನೆಯ ಜೀಪನ್ನು ಅದರ ಮಾಲೀಕರು ಮಾರ್ಚ್‌ನಲ್ಲೇ ಮಾರಿಬಿಟ್ಟಿದ್ದರು. ಕೊಂಡವನು ಚಿಕ್ಕಮಗಳೂರಿನ ಕಡೆಯವನಂತೆ, ಅವನ ಫೋನ್ ನಂಬರ್ ಇಟ್ಟುಕೊಂಡಿಲ್ಲ ಎಂದರು. ದಲ್ಲಾಳಿಯನ್ನು ಕೇಳಿದರೆ ಅವನಿಗೆ ನೆನಪಿರಲಿಲ್ಲ. ವೆಂಕಟರಮಣಪ್ಪ ಆ ಗಾಡಿಯ ನಂಬರನ್ನು ಶೆಡ್ಡಿನ ಗೋಡೆಯ ಮೇಲೆ ಚಾಕಿನಲ್ಲಿ ಬರೆದಿಟ್ಟಿದ್ದಾರೆ. ಚಿಕ್ಕಮಗಳೂರಿನ ಕಡೆಯಿಂದ ಯಾರೇ ಜೀಪು ತಂದರೂ ಮೊದಲು ಆ ನಂಬರ್ ತೋರಿಸಿ, "ಇದನ್ನ ಎಲ್ಲಾದ್ರೂ ನೋಡಿದೀರಾ ಸಾರ್?" ಎಂದು ಕೇಳುತ್ತಾರೆ. ಇಲ್ಲ ಎಂದರೆ, ಸರಿ ಎಂದು ಗಾಡಿಯ ಕೆಳಗೆ ಕನ್ನಡಿ ಹಿಡಿದು ಮಲಗುತ್ತಾರೆ.