ನೋವಿನ ವಿಳಾಸ ಕೇಳುವ ಐಸಕ್ಕ

ಬೆಳಗಿನ ಐದೂವರೆ. ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿಯ ಕಾರಿಡಾರಿನಲ್ಲಿ ದಿನ ತುಂಬಿದ ಹೆಂಗಸೊಬ್ಬಳು ನಡೆಯುತ್ತಿದ್ದವಳು ಗೋಡೆಗೆ ಅಂಗೈ ಊರಿ ನಿಂತುಬಿಟ್ಟಿದ್ದಾಳೆ. ನೆಲ ಒರೆಸುತ್ತಿದ್ದ ಆಯಾ ಕೋಲನ್ನು ಬಕೆಟ್ಟಿಗೆ ಒರಗಿಸಿ ಹತ್ತಿರ ಬರುತ್ತಾರೆ. "ತಡ್ಕೊಳಮ್ಮಾ" ಎನ್ನುವುದಿಲ್ಲ. "ಏನೂ ಆಗಲ್ಲ" ಎಂಬ ಸುಳ್ಳನ್ನೂ ಹೇಳುವುದಿಲ್ಲ.

"ಈಗ ಎಲ್ಲಿದೆ? ಸೊಂಟದಲ್ಲೋ, ಅಡಿಹೊಟ್ಟೇಲೋ?"

"ಸೊಂಟ... ಅಲ್ಲ, ಮುಂದಕ್ಕೆ ಬರ್ತಿದೆ."

"ಬರ್ಲಿ ಬಿಡು. ಉಸಿರು ಉದ್ದಕ್ಕೆ ಬಿಡು. ಏರ್ತಿದೆಯೋ, ಇಳೀತಿದೆಯೋ, ನೋಡಿ ಹೇಳು."

ಅರ್ಧ ನಿಮಿಷ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಾರೆ. "ಇಳೀತು" ಎನ್ನುತ್ತಾಳೆ ಅವಳು. "ಈಗ ಎಷ್ಟಿದೆ?" ಎಂದು ಆಯಾ ಬಿಡದೆ ಕೇಳುತ್ತಾರೆ. "ಈಗಾ? ಈಗ... ಏನೂ ಇಲ್ಲ." ಹಾಗೆನ್ನುವಾಗ ಅವಳಿಗೇ ಅಚ್ಚರಿ.

ಆಸ್ಪತ್ರೆಯಲ್ಲಿ ಈ ಆಯಾಗೆ ಐಸಕ್ಕ ಎಂದೇ ಹೆಸರು. ವಾರಕ್ಕೆರಡು ದಿನ, ಹಾಸಿಗೆ ಬಟ್ಟೆ ಇಡುವ ಉಗ್ರಾಣದಲ್ಲಿ ಹನ್ನೆರಡು ಹದಿನೈದು ಬಸುರಿಯರನ್ನು ಕೂರಿಸಿಕೊಂಡು ಒಬ್ಬೊಬ್ಬರ ಅಂಗೈಗೂ ಒಂದೊಂದು ಮಂಜುಗಡ್ಡೆಯ ತುಂಡು ಇಡುತ್ತಾರೆ. ಒಂದು ನಿಮಿಷ ಹಿಡಿಯಬೇಕು. ಮೊದಲ ಸಲ ಎಲ್ಲರೂ ಹಲ್ಲು ಕಚ್ಚಿ, ಭುಜ ಬಿಗಿಹಿಡಿದು, ಗೋಡೆ ಗಡಿಯಾರವನ್ನು ಶಪಿಸುತ್ತಾರೆ. ಎರಡನೇ ಸಲ ಉಸಿರನ್ನು ಗಮನಿಸುತ್ತಾ, ಬೆರಳ ತುದಿಯಲ್ಲಿ ಏನಾಗುತ್ತಿದೆ ಎಂದು ನೋಡುತ್ತಾ ಹಿಡಿಯಬೇಕು. "ಐಸು ಅದೇ, ಕೈನೂ ಅದೇ. ಮತ್ತೆ ಬದಲಾಗಿದ್ದು ಏನು?" ಎಂದು ಕೇಳಿ ಉತ್ತರಕ್ಕೆ ಕಾಯುತ್ತಾರೆ. ಉತ್ತರ ತಮಗೂ ಪೂರ್ತಿ ಗೊತ್ತಿಲ್ಲ ಎನ್ನುವುದು ಅವರ ಪ್ರಾಮಾಣಿಕತೆ.

ಈ ಕುತೂಹಲಕ್ಕೆ ಮೂವತ್ತು ವರ್ಷ. ಅವರ ಮೊದಲ ಹೆರಿಗೆಯಲ್ಲಿ ಯಾರೂ ಏನೂ ಹೇಳಿರಲಿಲ್ಲ. ಕೂಗಿದಾಗ ಸಿಕ್ಕ ಸಮಾಧಾನ ಒಂದೇ: "ಬಾಯ್ಮುಚ್ಚು, ಲೋಕದಲ್ಲಿ ನೀನೊಬ್ಬಳೇ ಹೆರ್ತಿದ್ದೀಯಾ?" ಐಸಕ್ಕ ಈಗಲೂ ನೆನೆಯುತ್ತಾರೆ: "ಸತ್ತೇಹೋಗ್ತೀನಿ ಅಂದ್ಕೊಂಡಿದ್ದೆ. ನೋವು ನಡುನಡುವೆ ಬಿಡುವು ಕೊಡ್ತಿತ್ತು. ಆ ಬಿಡುವನ್ನೆಲ್ಲ ಮುಂದಿನ ನೋವಿಗೆ ಹೆದರಿ ಹಾಳು ಮಾಡ್ಕೊಂಡೆ."

ಮಗನಿಗೆ ಹನ್ನೊಂದು ತುಂಬಿದಾಗ ಗಂಡ ತೀರಿಕೊಂಡರು. ಇಲ್ಲಿ ಆಯಾ ಕೆಲಸ ಸಿಕ್ಕಿತು. ದಿನಕ್ಕೆ ಎಂಟೋ ಒಂಬತ್ತೋ ಹೆರಿಗೆ, ಹತ್ತೊಂಬತ್ತು ವರ್ಷ. ಒಮ್ಮೆ ಹಿರಿಯ ವೈದ್ಯೆಯೊಬ್ಬರು ಬಸುರಿಯರಿಗೆ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದರೇ ಹೊರತು ಯಾರ ಮುಖದಲ್ಲೂ ಅರ್ಥವಾದ ಲಕ್ಷಣವಿಲ್ಲ. ನೆಲ ಒರೆಸಲು ಬಂದ ಆಯಾ ಸುಮ್ಮನಿರಲಾರದೆ ಕೇಳಿದರು: "ಡಾಕ್ಟ್ರೇ, ಗರ್ಭಕೋಶ ಮಾಂಸಖಂಡ ಅಂದ್ರಲ್ಲ, ನಮ್ಮ ತೊಡೆಯ ಥರಾನೇನಾ? ಹಾಗಾದ್ರೆ ಈ ನೋವು ಗಾಯದ್ದಲ್ಲ, ದುಡಿಮೆದ್ದು?" ವೈದ್ಯೆ ಕೈಲಿದ್ದ ಕಡ್ಡಿ ಕೆಳಗಿಟ್ಟು, "ಇದನ್ನೇ ಅರ್ಧ ಗಂಟೆಯಿಂದ ಹೇಳೋಕೆ ಒದ್ದಾಡ್ತಿದ್ದೀನಿ. ನೀವೇ ಹೇಳಿ" ಎಂದರು.

ಹೀಗೆ ಪಾಠ ಶುರುವಾಯಿತು. ವೈದ್ಯೆ "ಮೈಂಡ್‌ಫುಲ್‌ನೆಸ್" ಎನ್ನುತ್ತಿದ್ದುದು ಐಸಕ್ಕನ ಬಾಯಲ್ಲಿ "ಮನಸ್ಸಿಟ್ಟು ನೋಡೋದು" ಆಯಿತು. ಲೆಕ್ಕವೂ ಅವರದೇ: "ನಾಲ್ಕು ನಿಮಿಷಕ್ಕೊಂದು ಸಲ, ಒಂದೊಂದು ನಿಮಿಷ. ಗಂಟೆಗೆ ಹದಿನೈದು ನಿಮಿಷ ಕೆಲಸ, ಮುಕ್ಕಾಲು ಗಂಟೆ ರಜೆ. ಆಮೇಲಾಮೇಲೆ ರಜೆ ಕಮ್ಮಿಯಾಗತ್ತೆ, ಅದನ್ನೂ ಮೊದಲೇ ಹೇಳ್ತೀನಿ." ವೈದ್ಯೆಗೆ ವರ್ಗವಾದ ಮೇಲೂ, ವಾರ್ಡಿನ ಹಿರಿಯ ನರ್ಸಿನ ಒಪ್ಪಿಗೆಯಿಂದ ಪಾಠ ನಿಲ್ಲಲಿಲ್ಲ.

ನಿಂತದ್ದು ಒಮ್ಮೆ ಮಾತ್ರ. ಪಾಠಕ್ಕೆ ತಪ್ಪದೆ ಬರುತ್ತಿದ್ದ ಟೈಲರ್ ಹುಡುಗಿಯೊಬ್ಬಳು ಹೆರಿಗೆಗೆ ಸೇರಿದಳು. ಕಣ್ಣು ಮುಚ್ಚಿ, ಉಸಿರು ಎಣಿಸುತ್ತಾ, ಒಂದು ಮಾತಿಲ್ಲದೆ ಮಲಗಿದ್ದಳು. ನೋಡಿದವರೆಲ್ಲ ಹೊಗಳಿದರು. ಐಸಕ್ಕ ಬಟ್ಟೆ ಬದಲಿಸಲು ಹೋಗಿ ಹೊಟ್ಟೆ ಮುಟ್ಟಿದರೆ ಹಲಗೆಯಷ್ಟು ಗಟ್ಟಿ. "ನೋವು ಬಿಟ್ಟು ಎಷ್ಟು ಹೊತ್ತಾಯ್ತು?" "ಬಿಟ್ಟೇ ಇಲ್ಲ ಅಕ್ಕಾ, ಅರ್ಧ ಗಂಟೆಯಿಂದ. ನಾನು ನೋಡ್ತಾ ಇದ್ದೀನಿ." ಐಸಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿ ವೈದ್ಯರನ್ನು ಕರೆತಂದರು. ಒಳಗೆ ರಕ್ತಸ್ರಾವವಾಗುತ್ತಿತ್ತು. ತಕ್ಷಣ ಆಪರೇಷನ್ ಆಯಿತು, ತಾಯಿ ಮಗು ಇಬ್ಬರೂ ಉಳಿದರು.

"ಇನ್ನು ಕಾಲು ಗಂಟೆ ತಡ ಆಗಿದ್ರೆ ಆ ಪಾಪ ನನ್ನದೇ. ಬಾಯಿ ಮುಚ್ಚು ಅಂತ ಬೈದವರಿಗೂ ನನಗೂ ಏನು ವ್ಯತ್ಯಾಸ? ನಾನು ಬೈಯದೇ ಬಾಯಿ ಮುಚ್ಚಿಸಿದ್ದೆ." ಮೂರು ತಿಂಗಳು ಅವರು ಪಾಠದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಬಂದವಳು ಆ ಟೈಲರ್ ಹುಡುಗಿಯೇ. ಮಗುವನ್ನು ಐಸಕ್ಕನ ಮಡಿಲಿಗೆ ಹಾಕಿ ನೇರವಾಗಿ ಕೇಳಿದಳು: "ಏರೋದು ಇಳಿಯೋದು ಹೇಳ್ಕೊಟ್ರಿ. ಇಳೀದೇ ಇದ್ರೆ ಏನ್ಮಾಡ್ಬೇಕು ಅಂತ ಹೇಳ್ಲಿಲ್ಲ. ಈಗ ಹೇಳಿ, ಎಲ್ರಿಗೂ."

ಈಗ ಮೊದಲ ಪಾಠವೇ ಅದು. ಮಂಜುಗಡ್ಡೆ ಕೈಗೆ ಬರುವ ಮುಂಚೆ ಎಲ್ಲರೂ ಎದೆಬಿಚ್ಚಿ ಒಮ್ಮೆ ಕೂಗಬೇಕು. ಬಂದು ಹೋಗುವ ನೋವನ್ನು ನೋಡಿ. ಬಂದು ಕೂತೇಬಿಟ್ಟ ನೋವಿಗೆ ಕೂಗಿ. ರಕ್ತ ಕಂಡರೆ, ಮಗು ಅಲುಗದಿದ್ದರೆ ಯಾರ ಮುಖವನ್ನೂ ನೋಡದೆ ಕೂಗಿ. ನೋವು ಕಮ್ಮಿ ಮಾಡುವ ಸೂಜಿ ಬೇಕೆನಿಸಿದರೆ ಕೇಳಿ, ಅದರಲ್ಲಿ ಸೋಲಿಲ್ಲ. ಉಗ್ರಾಣದಿಂದ ಹದಿನೈದು ಜನ ಒಟ್ಟಿಗೆ ಅರಚುವಾಗ ಕೆಳಗಿನ ಮಹಡಿಯ ಗುಮಾಸ್ತರು ಮೊದಮೊದಲು ಎದ್ದು ಓಡಿಬರುತ್ತಿದ್ದರಂತೆ. ಈಗ, "ಪಾಠ ಶುರುವಾಯ್ತು" ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ.

ಹೆರಿಗೆಯಾದ ಮಾರನೇ ದಿನ ಪ್ರತಿ ತಾಯಿಯನ್ನೂ ಐಸಕ್ಕ ಕೇಳುತ್ತಾರೆ, "ಹೇಗಿತ್ತು?" "ಒದ್ದೆ ಕಂಬಳಿ ಹಿಂಡಿದ ಹಾಗೆ" ಎಂದವರಿದ್ದಾರೆ. "ಹೇಳ್ಕೊಟ್ಟಿದ್ದೆಲ್ಲ ಮರೆತೇಹೋಯ್ತು, ನಿಮ್ಮನ್ನ ಬಯ್ದೆ" ಎಂದವರೂ ಇದ್ದಾರೆ. ಎರಡಕ್ಕೂ ಅವರ ನಗು ಒಂದೇ.

ಈ ಸಾಲಿನ ತರಗತಿಯಲ್ಲಿ ಅವರ ಸೊಸೆಯೂ ಇದ್ದಾಳೆ, ಎಂಟು ತಿಂಗಳು. ಮನೆಯಲ್ಲಿ "ಅತ್ತೆ" ಎನ್ನುವವಳು ಇಲ್ಲಿ "ಟೀಚರ್" ಎನ್ನುತ್ತಾಳೆ, ಕೀಟಲೆಗೆ. ಅವಳ ಹೆರಿಗೆಯ ದಿನ ನೀವು ಒಳಗೇ ಇರುತ್ತೀರಲ್ಲ ಎಂದು ಕೇಳಿದರೆ ಐಸಕ್ಕ ಜೋರಾಗಿ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಬೇಡಪ್ಪಾ. ಅವತ್ತು ನನಗೆ ಡ್ಯೂಟಿ ಬೀಳದಿದ್ರೆ ಸಾಕು. ಎಲ್ರ ಹಾಗೆ ನಾನೂ ಹೊರಗೆ ಬೆಂಚಿನ ಮೇಲೆ ಕೂತು ಒಂದು ಸಲ ಚೆನ್ನಾಗಿ ಹೆದರ್ಬೇಕು."